ಬಾರ್ಬರಾ ಹಟನ್ ಕಿರುಸರಣಿಯನ್ನು ಕೂಡಿ ನೋಡುವ ಬಗೆ

ಅಮೆರಿಕದ ಎನ್‌ಬಿಸಿ ವಾಹಿನಿಯು 1987ರಲ್ಲಿ ಪ್ರಸಾರ ಮಾಡಿದ ‘ಪೂರ್ ಲಿಟಲ್ ರಿಚ್ ಗರ್ಲ್: ದಿ ಬಾರ್ಬರಾ ಹಟನ್ ಸ್ಟೋರಿ’ ಎಂಬ ಕಿರುಸರಣಿಯನ್ನು ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಓದುಗರ ಬಳಗಗಳಾಗಲಿ ಮಹಿಳಾ ಮಂಡಳಿಗಳಾಗಲಿ ಒಟ್ಟಿಗೆ ಕುಳಿತು ನೋಡಿ ಚರ್ಚಿಸುವುದಾದರೆ ಹೇಗೆ ಸಿದ್ಧವಾಗಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಚಾರ್ಲ್ಸ್ ಜಾರಟ್ ನಿರ್ದೇಶಿಸಿದ, ಫಾರಾ ಫಾಸೆಟ್ ನಾಯಕಿಯಾಗಿ ನಟಿಸಿದ ಈ ಸರಣಿಗೆ 1988ರಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂದಿತ್ತು. ಮೇಲ್ನೋಟಕ್ಕೆ ಇದು ಏಳು ಬಾರಿ ಮದುವೆಯಾದ ಸಿರಿವಂತೆಯೊಬ್ಬಳ ಕಥೆ. ಆದರೆ ಆ ಎಣಿಕೆಯನ್ನೇ ಹಿಡಿದು ಕುಳಿತರೆ ಮೂರನೆಯ ಗಂಡನ ಹೊತ್ತಿಗೆ ಕೊಠಡಿಯಲ್ಲಿ ನಗು ಶುರುವಾಗುತ್ತದೆ, ಐದನೆಯವನು ಬರುವಷ್ಟರಲ್ಲಿ ಕಥೆ ಕೈತಪ್ಪಿರುತ್ತದೆ. ಗಂಡಂದಿರನ್ನು ಬದಿಗಿಟ್ಟು ಆಸ್ತಿಯ ಬೆನ್ನು ಹತ್ತಬೇಕೆಂಬುದು ನನ್ನ ಸಲಹೆ. ಹಣ ಯಾರ ಹೆಸರಿನಲ್ಲಿದೆ, ಯಾರ ಕೈಯಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ದೃಶ್ಯಕ್ಕೂ ಕೇಳುತ್ತಾ ಹೋಗಿ. ತೋಟ, ಗದ್ದೆ ಹಿಸ್ಸೆಯಾಗುವುದನ್ನು ಕಂಡು ಬೆಳೆದ ಮಲೆನಾಡಿನವರಿಗೆ ಈ ಲೆಕ್ಕ ಯಾರೂ ಕಲಿಸಬೇಕಾದದ್ದಲ್ಲ.

ಮೊದಲ ಕೆಲಸ ವಂಶವೃಕ್ಷ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ದಪ್ಪ ಪೆನ್ನಿನಿಂದ ಬರೆದು ಗೋಡೆಗೆ ಅಂಟಿಸಿದರೆ ಸಾಕು. ಮೇಲೆ ಅಜ್ಜ ಫ್ರಾಂಕ್ ವುಲ್‌ವರ್ತ್. ಐದು ಸೆಂಟು, ಹತ್ತು ಸೆಂಟುಗಳ ಸಾಮಾನು ಮಾರುವ ಅಂಗಡಿಗಳಿಂದ ಸಾಮ್ರಾಜ್ಯ ಕಟ್ಟಿದವನು. ಅವನ ಕೆಳಗೆ ಹೆಲೆನಾ, ಎಡ್ನಾ, ಜೆಸ್ಸಿ ಎಂಬ ಮೂವರು ಹೆಣ್ಣುಮಕ್ಕಳು. ಎಡ್ನಾಳ ಒಬ್ಬಳೇ ಮಗಳು ಬಾರ್ಬರಾ ಹುಟ್ಟಿದ್ದು 1912ರ ನವೆಂಬರಿನಲ್ಲಿ. ಮರದ ಪಕ್ಕದಲ್ಲಿ ನಾಲ್ಕು ಕಲಮುಗಳ ಒಂದು ಪಟ್ಟಿ ಗೀರಿ: ಇಸವಿ, ಬಾರ್ಬರಾಳ ವಯಸ್ಸು, ಹಣ ಯಾರ ಹೆಸರಿನಲ್ಲಿ, ಯಾರ ಕೈಯಲ್ಲಿ.

ಮೊದಲ ಸಾಲುಗಳನ್ನು ಸರಣಿ ಶುರುವಾಗುವ ಮುನ್ನವೇ ತುಂಬಿಸಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಡೀ ಕಥೆಯ ಗಂಟು ಇಲ್ಲಿಯೇ ಇದೆ. 1917ರಲ್ಲಿ, ಮಗುವಿಗೆ ನಾಲ್ಕು ವರ್ಷವಾಗಿದ್ದಾಗ, ತಾಯಿ ತೀರಿಕೊಂಡಳು. 1919ರಲ್ಲಿ ಅಜ್ಜ ಹೊಸ ಉಯಿಲಿಗೆ ಸಹಿ ಹಾಕದೆಯೇ ತೀರಿಹೋದುದರಿಂದ, 1889ರಷ್ಟು ಹಿಂದೆ ಬರೆದಿಟ್ಟ ಹಳೆಯ ಉಯಿಲೇ ಊರ್ಜಿತವಾಗಿ, ಆಸ್ತಿಯೆಲ್ಲ ಆ ಹೊತ್ತಿಗೆ ಬುದ್ಧಿ ಸ್ವಾಧೀನದಲ್ಲಿಲ್ಲದ ಅಜ್ಜಿ ಜೆನ್ನಿಯ ಹೆಸರಿಗೆ ಹೋಯಿತು. 1924ರಲ್ಲಿ ಅಜ್ಜಿಯೂ ಹೋದಾಗ ಆಸ್ತಿ ಮೂರು ಪಾಲಾಗಿ, ತಾಯಿಗೆ ಸಲ್ಲಬೇಕಾಗಿದ್ದ ಮೂರನೆಯ ಒಂದು ಪಾಲು ಹನ್ನೊಂದು ವರ್ಷದ ಹುಡುಗಿಗೆ ಬಂತು. ಅದು ಎರಡೂವರೆ ಕೋಟಿ ಡಾಲರಿಗೂ ಮಿಕ್ಕಿದ ಮೊತ್ತ. ಹೆಸರು ಅವಳದು, ವ್ಯವಹಾರ ಅಪ್ಪ ಫ್ರಾಂಕ್ಲಿನ್ ಹಟನ್‌ನದು. ಅವಳಿಗೆ ಇಪ್ಪತ್ತೊಂದು ತುಂಬಿ ಎಲ್ಲವೂ ಕೈಗೆ ಬಂದ 1933ರಲ್ಲಿ ಅದು ಸುಮಾರು 5 ಕೋಟಿ ಡಾಲರಾಗಿತ್ತೆಂದು ಹೇಳುತ್ತಾರೆ. ಅಪ್ಪನ ಲೆಕ್ಕ ಚೆನ್ನಾಗಿಯೇ ಇತ್ತು ಎಂಬುದನ್ನೂ ಪಟ್ಟಿಯಲ್ಲಿ ಬರೆಯಿರಿ. ಮಗುವನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಏರ್ಪಾಟಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅಡಿಕೆ ಕೊಯ್ಲು, ಸುಲಿತ ಮುಗಿದ ಮೇಲಿನ ದಿನಗಳನ್ನು ಆರಿಸಿಕೊಳ್ಳಿ. ಮಳೆಗಾಲದಲ್ಲಿ ಬಿಡುವಿರುತ್ತದೆ ನಿಜ, ಆದರೆ ಕರೆಂಟು ಇರುವುದಿಲ್ಲ. ಇದ್ದರೂ ಶೀಟಿನ ಮಾಡಿನ ಮೇಲೆ ಸುರಿಯುವ ಮಳೆಯಲ್ಲಿ ಸಂಭಾಷಣೆ ಕೇಳಿಸುವುದಿಲ್ಲ. ಒಂದೇ ಸಂಜೆ ಎರಡೂ ಕಂತುಗಳನ್ನು ಮುಗಿಸುವ ಹಟ ಬೇಡ. ಮಾತೆಲ್ಲ ಇಂಗ್ಲಿಷಿನಲ್ಲಿರುವುದರಿಂದ, ಮೊದಲೇ ನೋಡಿಕೊಂಡ ಒಬ್ಬರು ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ನಾಲ್ಕು ಮಾತು ಹೇಳುವ ವ್ಯವಸ್ಥೆಯಿರಲಿ. ಹೆಗ್ಗೋಡಿನ ನೀನಾಸಂ ಶಿಬಿರಗಳಲ್ಲಿ ಪರಭಾಷೆಯ ಚಿತ್ರಗಳನ್ನು ನೋಡಿ ಬಂದವರು ಊರಿನಲ್ಲಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಿ. ಮನೆಯ ಬಳಗವನ್ನು ದಾಟಿ ಸಾರ್ವಜನಿಕವಾಗಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಪಡೆಯಬೇಕಾಗುತ್ತದೆ.

ನೋಡುವಾಗ ಪ್ರತಿ ಮದುವೆಯನ್ನೂ ಒಂದು ವ್ಯವಹಾರವೆಂದೇ ಗಮನಿಸಿ. ನಟ ಕ್ಯಾರಿ ಗ್ರಾಂಟ್ ಜೊತೆಗಿನ 1942ರ ಮದುವೆಯನ್ನು ಅಂದಿನ ಪತ್ರಿಕೆಗಳು ಗೇಲಿ ಮಾಡಿದ್ದವು. ಆದರೆ ಬೇರೆಯಾದಾಗ ಅವಳಿಂದ ಬಿಡಿಗಾಸನ್ನೂ ಪಡೆಯದವನು ಅವನೇ. ಐದನೆಯ ಗಂಡ ಪೊರ್ಫಿರಿಯೊ ರುಬಿರೋಸನ ಸಂಸಾರ 53 ದಿನಗಳಲ್ಲಿ ಮುಗಿಯಿತು, ಅವನು ಬರಿಗೈಯಲ್ಲಿ ಹೋಗಲಿಲ್ಲ. ಎಲ್ಲಕ್ಕಿಂತ ನಿಧಾನವಾಗಿ ನೋಡಬೇಕಾದದ್ದು ಎರಡನೆಯ ಗಂಡ, ಡೆನ್ಮಾರ್ಕಿನ ಕುಲೀನ ಮನೆತನದ ಕೌಂಟ್ ರೆವೆಂಟ್ಲೋನ ಭಾಗ. 1937ರ ಡಿಸೆಂಬರಿನಲ್ಲಿ ಬಾರ್ಬರಾ ಅಮೆರಿಕದ ಪೌರತ್ವವನ್ನೇ ಬಿಟ್ಟುಕೊಟ್ಟಳು. ಅದೇ ವರ್ಷದ ಫೆಬ್ರವರಿಯಲ್ಲಿ ಡೆಟ್ರಾಯಿಟ್ ನಗರದ ವುಲ್‌ವರ್ತ್ ಅಂಗಡಿಯಲ್ಲಿ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಕೂಲಿ ಹೆಚ್ಚಿಸಬೇಕೆಂದು ಅಂಗಡಿಯೊಳಗೇ ಕುಳಿತು ಮುಷ್ಕರ ಹೂಡಿ ಗೆದ್ದಿದ್ದರು. ಒಡತಿಯ ಮುತ್ತಿನ ಹಾರಕ್ಕೂ ಗಲ್ಲಾಪೆಟ್ಟಿಗೆಯ ಹಿಂದೆ ನಿಂತ ಹುಡುಗಿಯ ಸಂಬಳಕ್ಕೂ ಇರುವ ಸಂಬಂಧವನ್ನು ಸರಣಿ ಎಷ್ಟರ ಮಟ್ಟಿಗೆ ತೋರಿಸುತ್ತದೆ, ಎಲ್ಲಿ ಜಾರಿಕೊಳ್ಳುತ್ತದೆ ಎಂಬುದನ್ನು ಒಬ್ಬರು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಲಿ. ಅಡಿಕೆ ಸುಲಿಯುವ ಹೆಂಗಸರೂ ಬಳಗದಲ್ಲಿದ್ದರೆ ಚರ್ಚೆಗೆ ಬೇರೆಯದೇ ಬಿಸಿ ಬರುತ್ತದೆ.

ನಾಟಕೀಯ ದೃಶ್ಯಗಳನ್ನು ದಾಖಲೆಯೆಂದು ತಿಳಿಯಬಾರದು. ತಾಯಿಯ ಸಾವಿನ ಪ್ರಸಂಗವನ್ನೇ ನೋಡಿ: ಅಧಿಕೃತವಾಗಿ ಬರೆದದ್ದು ಕಿವಿಯ ರೋಗದ ತೊಡಕೆಂದು, ಆದರೆ ಆತ್ಮಹತ್ಯೆಯೆಂಬ ಶಂಕೆ ಅಂದಿನಿಂದಲೂ ಇದೆ. 1979ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನಲ್ಲಿ ಬಾರ್ಬರಾ ತೀರಿಕೊಂಡಾಗ ಉಳಿದಿದ್ದದ್ದು ಸುಮಾರು 3,500 ಡಾಲರ್ ಎಂಬುದೂ ಬಾಯಿಂದ ಬಾಯಿಗೆ ಬಂದ ಮಾತೇ. ಇಂಥವನ್ನು ಪಟ್ಟಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಲಂಡನ್ನಿನ ವಿನ್‌ಫೀಲ್ಡ್ ಹೌಸ್ ಎಂಬ ತನ್ನ ಭವನವನ್ನು ಯುದ್ಧಾನಂತರ ಅಮೆರಿಕ ಸರ್ಕಾರಕ್ಕೆ ಒಂದು ಡಾಲರಿಗೆ ಕೊಟ್ಟದ್ದು, 1972ರಲ್ಲಿ ಒಬ್ಬನೇ ಮಗ ಲ್ಯಾನ್ಸ್ ವಿಮಾನ ಅಪಘಾತದಲ್ಲಿ ಸತ್ತದ್ದು ಮುಂತಾದ ಖಚಿತ ಸಂಗತಿಗಳನ್ನು ಶಾಯಿಯಲ್ಲಿ ಬರೆಯಿರಿ. ಮದ್ಯ, ಮಾತ್ರೆ, ಊಟ ಬಿಡುವ ಚಟಗಳ ದೃಶ್ಯಗಳು ಬರುತ್ತವೆಂದು ಮೊದಲೇ ತಿಳಿಸಿಬಿಡಿ. ಯಾರ ಮನೆಯಲ್ಲಿ ಏನಿರುತ್ತದೋ ಹೇಳಲಾಗದು.

ಚರ್ಚೆಯನ್ನು ‘ದುಡ್ಡಿದ್ದರೆ ಸುಖವಿಲ್ಲ’ ಎಂಬ ಮಾತಿನಿಂದ ಆರಂಭಿಸಲು ಯಾರಿಗೂ ಬಿಡಬೇಡಿ, ಅಲ್ಲಿಗೆ ಎಲ್ಲರೂ ತಲೆದೂಗಿ ಎದ್ದುಬಿಡುತ್ತಾರೆ. ಪಟ್ಟಿಯ ಕೊನೆಯ ಎರಡು ಕಲಮುಗಳಲ್ಲಿ ಹೆಸರು ಬೇರೆ, ಕೈ ಬೇರೆ ಆಗಿರುವ ಸಾಲುಗಳನ್ನು ಗಟ್ಟಿಯಾಗಿ ಓದಿಸಿ. ಮಾತು ನಮ್ಮೂರಿಗೆ ಹೊರಳುವುದು ಖಂಡಿತ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೂ ದೇಶದಾದ್ಯಂತ 2005ರಲ್ಲಿಯೂ ಬಂದಿದೆ. ಹಾಗಿದ್ದೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ತವರಿನಿಂದ ಕರೆ ಬರುವುದು ಎಷ್ಟೋ ಮನೆಗಳ ಅನುಭವ. ಇಂಥ ಸಂಗತಿ ಎತ್ತುವವರು ಹೆಸರು ಹೇಳದೆ ಮಾತಾಡಲಿ, ಕೇಳಿದವರು ಅದನ್ನು ಕೊಠಡಿಯಿಂದಾಚೆ ಒಯ್ಯದಿರಲಿ ಎಂಬ ಕರಾರನ್ನು ಚರ್ಚೆಗೆ ಮುನ್ನವೇ ಮಾಡಿಕೊಳ್ಳಬೇಕು. ಗೋಡೆಯ ಪಟ್ಟಿಯನ್ನು ಕಿತ್ತೆಸೆಯದೆ ಸುರುಳಿ ಸುತ್ತಿ ಇಡಿ. ಎರಡನೆಯ ಕಂತಿಗೆ ತಡವಾಗಿ ಬಂದವರಿಗೆ ಮೊದಲ ಕಂತನ್ನು ತಿಳಿಸಲು ಅದೊಂದೇ ಸಾಕಾಗುತ್ತದೆ.