ಟ್ಯಾಂಕಿನ್ಯಾಗ ಎಷ್ಟು ಮೀನ ಬಿಡಬೇಕು? ನನ್ನ ಬಕೆಟ್ ಲೆಕ್ಕ ಕೇಳ್ರಿ

ಹೊಸದಾಗಿ ಅಕ್ವೇರಿಯಂ ಇಟ್ಟಾವ್ರು ಮಾಡೋ ದೊಡ್ಡ ತಪ್ಪು ನಾನೂ ಮಾಡೇನಿ, ಅದೂ ಒಂದ ದಿನದಾಗ. ಎರಡು ಫೂಟಿನ ಟ್ಯಾಂಕ್ ತಂದೆ, ಮುಂಜಾನೆ ನೀರು ತುಂಬಿದೆ, ಸಂಜಿಕ ಅಂಗಡಿಗೆ ಹೋಗಿ ನಾಕು ಗೋಲ್ಡ್‌ಫಿಶ್, ಆರು ಗಪ್ಪಿ, ಎರಡು ‘ಶಾರ್ಕ್’, ಗ್ಲಾಸ್ ಸ್ವಚ್ಛ ಮಾಡ್ತೈತಿ ಅಂತ ಒಂದು ಸಕ್ಕರ್, ಒಟ್ಟು ಹದಿಮೂರು ಜೀವ ಪ್ಲಾಸ್ಟಿಕ್ ಚೀಲದಾಗ ಹಿಡ್ಕೊಂಡು ಮನಿಗೆ ಬಂದೆ. ಅಂಗಡ್ಯಾಂವ "ಇನ್ನೂ ಜಾಗಾ ಐತಲ್ರಿ, ಇನ್ನೆರಡು ಒಯ್ರಿ" ಅಂದ, ಕಿಸೆದಾಗ ರೊಕ್ಕ ಮುಗದಿತ್ತು ಅಂತ ಬಿಟ್ಟೆ, ಇಲ್ಲಂದ್ರ ಅವೂ ಬರ್ತಿದ್ವು. ಮೂರನೇ ದಿನಕ್ಕ ನೀರು ಅಕ್ಕಿ ತೊಳದ ನೀರಿನಂಗ ಆತು. ಮುಂಜಾನೆ ಎದ್ದು ನೋಡಿದ್ರ ಎಲ್ಲಾ ಮೀನ ಮ್ಯಾಲ ಬಂದು ಬಾಯಿ ತಗದು ತಗದು ಮುಚ್ಚತಿದ್ವು, ನಾನು ಪಾಪ ಹಸದಾವು ಅಂತ ತಿಳ್ಕೊಂಡು ಮತ್ತಷ್ಟು ಫುಡ್ ಹಾಕಿದೆ! ಹತ್ತು ದಿನದಾಗ ಒಂಬತ್ತು ಸತ್ವು.

ಅವು ಹಸದಿರಲಿಲ್ಲ, ಉಸಿರಿಗೆ ಒದ್ದಾಡತಿದ್ವು. ಅದು ಗೊತ್ತಾಗಾಕ ನನಗ ಒಂದು ವರ್ಷ ಹಿಡೀತು, ನಿಮಗ ಹಿಡೀಬಾರದು ಅಂತ ಬರಿಯಾಕತ್ತೇನಿ.

ಮೊದಲ ಟ್ಯಾಂಕಿನ್ಯಾಗ ಖರೇ ಎಷ್ಟು ನೀರು ಹಿಡಿತೈತಿ ನೋಡ್ರಿ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನ್ಯಾಗ ಅಳದು ಮೂರನೂ ಗುಣಿಸಿ 1000ದಿಂದ ಭಾಗಿಸಿದ್ರ ಲೀಟರ್ ಸಿಗತೈತಿ, 60×30×30 ಅಂದ್ರ 54 ಲೀಟರ್. ಆದ್ರ ಇದು ಹಾಳಿ ಮ್ಯಾಲಿನ ಲೆಕ್ಕ. ಕೆಳಗ ಹರಳು ಹಾಕ್ತೀರಿ, ಕಲ್ಲು ಇಡ್ತೀರಿ, ಮ್ಯಾಲ ಎರಡು ಬೆರಳು ಖಾಲಿ ಬಿಡ್ತೀರಿ. ಅದಕ್ಕ ನಾ ಹೇಳೂದು, ನೀರು ತುಂಬುವಾಗ 15 ಲೀಟರಿನ ಬಕೆಟ್ ತಗೊಂಡು ಎಣಿಸಿ ಹಾಕ್ರಿ, ಉಳದದ್ದು ತಂಬಿಗಿಲೆ. ನನ್ನ ಎರಡು ಫೂಟಿನ ಟ್ಯಾಂಕಿಗೆ ಸರಿಯಾಗಿ ಮೂರು ಬಕೆಟ್, ಅಂದ್ರ 45 ಲೀಟರ್ ಹಿಡೀತು. ಈ ಮೂರು ಬಕೆಟ್ ಅನ್ನೂದು ತಲ್ಯಾಗ ಇರಲಿ, ಮುಂದಿಂದೆಲ್ಲಾ ಅದರ ಮ್ಯಾಲ ನಿಂತೈತಿ. ಗುಂಡನ ಗಾಜಿನ ಬೌಲ್ ಇದ್ದಾವ್ರು ಅದರಾಗ ಮನಿ ಪ್ಲಾಂಟ್ ಹಚ್ಚರಿ, ಅದರಾಗ ಮೀನ ಬ್ಯಾಡ.

ಈಗ ನೀರು ಯಾಕ ಕೆಡ್ತೈತಿ ಅಂತ. ಮೀನ ಬರೇ ಹೊಲಸು ಮಾಡೂದರಿಂದ ಅಷ್ಟ ಅಲ್ಲ, ಕಿವಿರಿನಿಂದನೂ ಅಮೋನಿಯಾ ಬಿಡ್ತಾವು, ಉಳದ ಫುಡ್ ಕೊಳತು ಅದೂ ಅಮೋನಿಯಾನ ಆಗ್ತೈತಿ. ಅದು ವಿಷ. ಫಿಲ್ಟರಿನ ಸ್ಪಂಜು, ಹರಳಿನ ಮ್ಯಾಲ ಬೆಳೆಯೋ ಬ್ಯಾಕ್ಟೀರಿಯಾ ಅದನ್ನ ಮೊದಲ ನೈಟ್ರೈಟ್ ಮಾಡ್ತಾವು (ಇದೂ ವಿಷನ), ಬ್ಯಾರೆ ಬ್ಯಾಕ್ಟೀರಿಯಾ ನೈಟ್ರೈಟನ್ನ ನೈಟ್ರೇಟ್ ಮಾಡ್ತಾವು, ಅದು ಅಷ್ಟು ತ್ರಾಸ ಕೊಡೂದಿಲ್ಲ. ಹೊಸ ಟ್ಯಾಂಕಿನ್ಯಾಗ ಈ ಬ್ಯಾಕ್ಟೀರಿಯಾ ಇರೂದ ಇಲ್ಲ ಅಂದ್ರೂ ನಡಿತೈತಿ, ಅವು ಬೆಳದು ನಿಲ್ಲಾಕ 4ರಿಂದ 6 ವಾರ ಬೇಕು. ನಾ ಮೊದಲನೇ ದಿನನ ಹದಿಮೂರು ಮೀನ ತಂದು ಬಿಟ್ಟಿದ್ದು ಅಂದ್ರ, ಅಡಗಿ ಮನ್ಯಾಗ ಒಲಿನ ಹಚ್ಚಿಲ್ಲ, ಪಂಗತಿ ಕುಂದರಿಸಿದಂಗ.

ಹಂಗಾರ ಆ ನಾಕಾರು ವಾರ ಏನ್ ಮಾಡಬೇಕು? ಫಿಲ್ಟರ್ ಚಾಲೂ ಇಡ್ರಿ, ಎರಡು ದಿನಕ್ಕೊಮ್ಮೆ ಒಂದು ಚಿಟಿಕಿ ಫುಡ್ ಹಾಕ್ರಿ, ಅದು ಕೊಳತು ಅಮೋನಿಯಾ ಕೊಡ್ತೈತಿ, ಬ್ಯಾಕ್ಟೀರಿಯಾಕ್ಕ ಅದ ಊಟ. ಗೆಳ್ಯಾರ ಮನ್ಯಾಗ ಹಳೇ ಟ್ಯಾಂಕ್ ಇದ್ದು ಮೀನ ಆರಾಮ ಇದ್ರ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕತ್ತರಿಸ್ಕೊಂಡು ಒದ್ದಿ ಇರುವಾಗನ ತಂದು ನಿಮ್ಮ ಫಿಲ್ಟರಿನ್ಯಾಗ ಇಡ್ರಿ, ಕೆಲಸ ಬೇಗ ಆಗ್ತೈತಿ. ಟೆಸ್ಟ್ ಕಿಟ್ (ಬಣ್ಣ ನೋಡಿ ನೀರು ಪರೀಕ್ಷೆ ಮಾಡೋದು) ತಗೊಂಡ್ರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನಿ ತೋರಿಸಿ ನೈಟ್ರೇಟ್ ಕಾಣಬೇಕು, ಆವಾಗ ಮೀನ. ಕಿಟ್ಟಿಗೆ ರೊಕ್ಕ ಯಾಕ ಅಂತೀರಿ, ಸತ್ತ ಒಂಬತ್ತು ಮೀನಿಗೆ ನಾ ಕೊಟ್ಟ ರೊಕ್ಕ ಲೆಕ್ಕ ಹಾಕಿದ್ರ ಕಿಟ್ಟ ಬರ್ತಿತ್ತು.

ಅಂಗಡಿಗೆ ಹೋಗೂದಕಿಂತ ಮೊದಲ ಮೀನಿನ ಹೆಸರು ಹಾಳಿ ಮ್ಯಾಲ ಬರಕೊಂಡು ಹೋಗ್ರಿ, ಅಲ್ಲಿ ಹೋಗಿ ಆರಿಸಿದ್ರ ಮುಗೀತು. ಅಂಗಡ್ಯಾಗ ಕಾಣೂವು ಎಲ್ಲಾ ಮರಿ. ಬೆರಳುದ್ದದ ‘ಶಾರ್ಕ್’ ಅಂತ ಕೊಡ್ತಾರಲ್ಲ, ಅದು ಪಂಗಾಸಿಯಸ್ ಜಾತಿ ಮೀನ, ನದ್ಯಾಗ ಒಂದು ಮೀಟರಿಗಿಂತ ಹೆಚ್ಚು ಬೆಳೀತೈತಿ. ಸಕ್ಕರ್ ಒಂದು ಫೂಟು ದಾಟತೈತಿ, ಮತ್ತ ಸ್ವಚ್ಛ ಮಾಡೂದಕಿಂತ ತಾನ ಹೊಲಸು ಮಾಡೂದ ಭಾಳ. ಆಸ್ಕರ್ ಅನ್ನೋ ಮೀನ ಒಂದು ಫೂಟು. ಗೋಲ್ಡ್‌ಫಿಶ್ ಎಲ್ಲಾರ ಮನ್ಯಾಗ ಮೊದಲ ಬರೂ ಮೀನ, ಆದ್ರ ಸಣ್ಣ ಟ್ಯಾಂಕಿಗೆ ಅದು ಹೊಂದೂದ ಇಲ್ಲ, ಗುಂಡನ ಹೊಟ್ಟಿ ಜಾತೀವು 15 ಸೆಂಟಿಮೀಟರ್, ಉದ್ದನ ಜಾತೀವು 20-30 ಸೆಂಟಿಮೀಟರ್ ಆಗ್ತಾವು, ಇಡೀ ದಿನ ತಿಂತಾವು, ಇಡೀ ದಿನ ಹೊಲಸು ಮಾಡ್ತಾವು.

ಒಂದು ಇಂಚು ಮೀನಿಗೆ ಒಂದು ಗ್ಯಾಲನ್, ಅಂದ್ರ ಹೆಚ್ಚುಕಡಿಮಿ 4 ಲೀಟರ್ ನೀರು ಅಂತ ಒಂದು ಹಳೇ ಲೆಕ್ಕ ಐತಿ, ನೀವೂ ಕೇಳಿರ್ತೀರಿ. ಸಣ್ಣ ಸಣ್ಣ ಮೀನಿಗೆ ಒಂದೀಟು ನಡಿತೈತಿ, ದೊಡ್ಡಾವಕ್ಕ ಸುಳ್ಳು. ಯಾಕಂದ್ರ ಮೀನ ಉದ್ದಾದಂಗ ದಪ್ಪನೂ ಆಗ್ತೈತಿ, ಎತ್ತರನೂ ಆಗ್ತೈತಿ, ಉದ್ದ ಎರಡು ಪಟ್ಟು ಆದ್ರ ತೂಕ ಸುಮಾರು ಎಂಟು ಪಟ್ಟು. ಆ ಲೆಕ್ಕ ಹಿಡದ್ರ ನನ್ನ ಮೂರು ಬಕೆಟ್ ನೀರಾಗ 11 ಇಂಚಿನ ಆಸ್ಕರ್ ಒಂದು ಇಡಬಹುದು, ಪಾಪ ಅದು ತಿರಗಾಕರ ಬರಬೇಕಲ್ರಿ.

ನನ್ನ ಲೆಕ್ಕ ಬ್ಯಾರೆ. ನಮ್ಮ ಹುಬ್ಬಳ್ಳ್ಯಾಗ ನಳ ಯಾವಾಗ ಬರ್ತೈತಿ, ಹೌದಿನ್ಯಾಗ ಎಷ್ಟು ಉಳದೈತಿ ಅಂತ ನೋಡ್ಕೊಂಡ ಬಾಳ್ವೆ ಮಾಡೋ ಮನಿ ಎಷ್ಟೋ ಅದಾವು. ವಾರಕ್ಕ ಕಾಲು ಭಾಗ ನೀರು ಬದಲಿ ಮಾಡಬೇಕು, 45 ಲೀಟರಿಗೆ 11 ಲೀಟರ್, ಅಂದ್ರ ಒಂದು ಬಕೆಟ್ಟಿಗೆ ಒಂದೀಟು ಕಡಿಮಿ. ಈ ಒಂದ ಬಕೆಟ್ಟಿನ್ಯಾಗ ವಾರದ ನೈಟ್ರೇಟ್ ಲೀಟರಿಗೆ 20-40 ಮಿಲಿಗ್ರಾಂ ಒಳಗ ನಿಂತ್ರ ನಿಮ್ಮ ಮೀನ ಸರಿ ಅದಾವು, ಎರಡು ಬಕೆಟ್, ಮೂರು ಬಕೆಟ್ ಬೇಕಾಗಾಕತ್ತು ಅಂದ್ರ ಮೀನ ಹೆಚ್ಚಾದ್ವು. ದೊಡ್ಡ ಫಿಲ್ಟರ್ ಹಚ್ಚೀನಿ, ಹೆಚ್ಚು ಮೀನ ಇಡಬಹುದಲ್ಲ ಅಂತ ಕೇಳ್ತಾರ. ಸಾಮಾನ್ಯ ಫಿಲ್ಟರ್ ನೈಟ್ರೇಟ್ ತಗಿಯೂದಿಲ್ಲರಿ, ಅದು ಬಕೆಟ್ಟಿನಿಂದನ ಹೊರಗ ಹೋಗಬೇಕು. ತಗದ ನೀರು ಚೆಲ್ಲಬ್ಯಾಡ್ರಿ, ನಮ್ಮವ್ವ ಮಲ್ಲಿಗಿ ಬಳ್ಳಿಗೆ ಹಾಕ್ತಾಳ. ಹೊಸ ನೀರು ಕಾರ್ಪೊರೇಶನ್ನಿಂದು ಇದ್ರ ಒಂದು ದಿನ ತೆರದ ಬಕೆಟ್ಟಿನ್ಯಾಗ ಇಟ್ಟು, ಆಂಟಿ-ಕ್ಲೋರಿನ್ ಬಾಟಲಿ ಮ್ಯಾಲ ಬರದಷ್ಟು ಹಾಕಿ ಬಿಡ್ರಿ. ಫಿಲ್ಟರಿನ ಸ್ಪಂಜನ್ನ ನಳದ ಕೆಳಗ ಹಿಡದು ತೊಳದ್ರ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯ್ತಾವು, ಆ ತಗದ ನೀರಾಗನ ಹಿಂಡಿ ತೊಳೀರಿ.

ಎರಡು ಫೂಟಿನ ಟ್ಯಾಂಕಿಗೆ ಏನ್ ಬಿಡಬೇಕಂದ್ರ, ಆರು ಗಂಡು ಗಪ್ಪಿ, ಇಲ್ಲಾ ಎಂಟು ಜೀಬ್ರಾ ಡ್ಯಾನಿಯೊ (ನಮ್ಮ ದೇಶದ್ದ ಮೀನ, ಹೀಟರ್ ಬೇಡ್ತಿಲ್ಲ), ಇಲ್ಲಾ ಒಂದ ಒಂದು ಗಂಡು ಬೆಟ್ಟಾ (ಫೈಟರ್ ಮೀನ). ಇವುಗಳೊಳಗ ಯಾವುದರ ಒಂದು, ಮೂರೂ ಅಲ್ಲ. ಗದಗ ಕಡೆ ಬೋರಿನ ಸವಳು ನೀರು ಇದ್ದಾವ್ರಿಗೆ ಗಪ್ಪಿ, ಪ್ಲ್ಯಾಟಿ ಚಲೋ ಹೊಂದತಾವು, ನಿಯಾನ್ ಟೆಟ್ರಾ ಹಿಂದ ಬೀಳಬ್ಯಾಡ್ರಿ. ಆದ್ರ ಅಂಥ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತಿ) ಹೆಚ್ಚಿದ್ರ ಅಮೋನಿಯಾದ ವಿಷನೂ ಜೋರ, ಅದಕ್ಕ ಅಲ್ಲಿ ಒಂದೆರಡು ಮೀನ ಕಡಿಮಿನ ಇರಲಿ. ಮೊದಲ ಮೂರು ಬಿಡ್ರಿ, ಎರಡು ವಾರ ನೋಡ್ರಿ, ಆಮ್ಯಾಲ ಮತ್ತ ಮೂರು.

ಗಂಡು ಗಪ್ಪಿ ಅಂತ ಯಾಕ ಒತ್ತಿ ಹೇಳಾಕತ್ತೇನಿ ಅಂದ್ರ, ಒಂದು ಹೆಣ್ಣು ಬಂದ್ರ ತಿಂಗಳಿಗೊಮ್ಮೆ ಇಪ್ಪತ್ತು, ಮೂವತ್ತು ಮರಿ ಹಾಕ್ತೈತಿ, ಗಂಡು ಜೋಡಿ ಇರಬೇಕಂತನೂ ಇಲ್ಲ, ಒಮ್ಮೆ ಕೂಡಿದ್ರ ತಿಂಗಳಗಟ್ಟಲೆ ಮರಿ ಬರ್ತಾನ ಇರ್ತಾವು. ನೀವು ಮೀನ ತರೂದು ಬಂದ್ ಮಾಡಿದ್ರೂ ಟ್ಯಾಂಕ್ ತುಂಬತೈತಿ. ಬಣ್ಣದ ದೊಡ್ಡ ಬಾಲ ಇದ್ದದ್ದು ಗಂಡು, ಮಾಸಲ ಬಣ್ಣದ್ದು, ಹೊಟ್ಟಿ ಹಿಂದ ಕಪ್ಪು ಕಲಿ ಇದ್ದದ್ದು ಹೆಣ್ಣು. ಜಾಳಿಗಿ ಒಳಗ ಬಂದ ಮ್ಯಾಲ ಒಮ್ಮೆ ನೋಡ್ರಿ, ಅಂಗಡ್ಯಾಂವ ಗಡಿಬಿಡಿ ಮಾಡ್ತಾನ, ಮಾಡಲಿ.

ಫುಡ್ ವಿಷಯ ಸಣ್ಣದು, ಎರಡು ನಿಮಿಷದಾಗ ತಿಂದು ಮುಗಸೋವಷ್ಟ. ನಮ್ಮ ಅಳಿಯ ಒಮ್ಮೆ ಒಂದು ಮುಷ್ಟಿ ಚುರಮರಿ ಹಾಕಿದ್ದ, ಅವತ್ತಿನಿಂದ ಮುಚ್ಚಳಕ್ಕ ದಾರ ಕಟ್ಟೇವಿ.

ಏಪ್ರಿಲ್, ಮೇ ತಿಂಗಳು ಮಾತ್ರ ಹುಷಾರು. ನೀರು ಬಿಸಿ ಆದಂಗ ಅದರಾಗಿನ ಆಕ್ಸಿಜನ್ ಕಡಿಮಿ ಆಗ್ತೈತಿ, 20 ಡಿಗ್ರಿ ನೀರಿನ್ಯಾಗ ಲೀಟರಿಗೆ 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಗೆ 7.5 ಆಗ್ತೈತಿ, ಅದೂ ನೀರು ಚಲೋ ಅಲುಗಾಡತಿದ್ರ. ಅದರಾಗ ಕರೆಂಟ್ ಹೋತಂದ್ರ ಫಿಲ್ಟರ್ ಬಂದ್. ಚಳಿಗಾಲದಾಗ ನಡದ ಹತ್ತು ಮೀನ ಮೇ ತಿಂಗಳ ಒಂದು ರಾತ್ರ್ಯಾಗ ನಡಿಯೂದಿಲ್ಲ, ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಸಂಜಿ ಆರಕ್ಕ ತುಂಬಿ ತುಳಕುವಾಗ ಎಸಿ ಬಂದ್ ಆದಂಗ. ಹಂಗಾಗಿ ಲೆಕ್ಕ ಹಾಕೂದು ಬ್ಯಾಸಗಿಗೆ ಹಾಕ್ರಿ. ಕರೆಂಟ್ ಹೋದಾಗ ತಂಬಿಗಿಲೆ ಟ್ಯಾಂಕಿನ ನೀರು ತುಂಬಿ ಒಂದು ಗೇಣು ಮ್ಯಾಲಿಂದ ಅಲ್ಲೇ ಸುರೀರಿ, ಹತ್ತು ಹತ್ತು ನಿಮಿಷಕ್ಕ ಮಾಡ್ರಿ, ಫುಡ್ ಹಾಕಬ್ಯಾಡ್ರಿ.

ಈಗಾಗಲೇ ಹೆಚ್ಚು ಮೀನ ತಂದು ಕುಂತೀರಿ ಅಂದ್ರ, ಮೀನ ಮ್ಯಾಲ ಬಂದು ಬಾಯಿ ಬಿಡಾಕತ್ತಾವು ಅಂದ್ರ, ಇವತ್ತ ಒಂದು ಬಕೆಟ್ ನೀರು ಬದಲಿ ಮಾಡ್ರಿ, ಏರ್ ಪಂಪ್ ಹಚ್ಚರಿ, ಎರಡು ದಿನ ಫುಡ್ ಬಂದ್, ನಾಳೆ ಮತ್ತೊಂದು ಬಕೆಟ್. ಪೂರಾ ನೀರು ಚೆಲ್ಲಿ ತಿಕ್ಕಿ ತೊಳಿಯಾಕ ಹೋಗಬ್ಯಾಡ್ರಿ, ಇದ್ದ ಬ್ಯಾಕ್ಟೀರಿಯಾನೂ ಹೋಗ್ತಾವು. ಆಮ್ಯಾಲ ಹೆಚ್ಚಿನ ಮೀನ ಯಾರಿಗರ ಕೊಡ್ರಿ. ಉಣಕಲ್ ಕೆರಿಗೋ, ಊರ ಬಾವಿಗೋ ಬಿಟ್ಟು ಪುಣ್ಯ ಕಟ್ಕೊಂಡ್ವಿ ಅನ್ನಬ್ಯಾಡ್ರಿ, ಸಕ್ಕರ್‌ನಂಥಾವು ಕೆರ್‍ಯಾಗ ಬೆಳದು ನಮ್ಮ ಮೀನಿನ ಜಾಗಾ ಹಿಡಿತಾವು. ನನ್ನ ಸಕ್ಕರ್ ಉಳದ ನಾಕರಾಗ ಒಂದು, ಗೇಣುದ್ದ ಆದ ಮ್ಯಾಲ ಬಕೆಟ್ಟಿನ್ಯಾಗ ಹಾಕ್ಕೊಂಡು ಅದ ಅಂಗಡಿಗೆ ಒಯ್ದೆ. ರೊಕ್ಕ ಕೊಡೂದಿಲ್ಲ ಅಂದ. ರೊಕ್ಕ ಬ್ಯಾಡ, ಒಂದು ಕಟ್ಟು ವ್ಯಾಲಿಸ್ನೇರಿಯಾ ಅನ್ನೋ ನೀರಿನ ಗಿಡ ಕೊಡು ಅಂದೆ. ಗಿಡ ನೈಟ್ರೇಟ್ ತಿಂತಾವು, ಮುಂದ ಮೂರ್ನಾಕು ವಾರದಾಗ ಟೆಸ್ಟ್ ಕಿಟ್ಟಿನ ಬಣ್ಣ ಒಂದು ಮನಿ ಕೆಳಗ ಇಳೀತು.