ಅರ್ಧ ಅಂಕದ ಲೆಕ್ಕ: ಎಸ್ಸೆಸ್ಸೆಲ್ಸಿ ಗಣಿತಕ್ಕೆ ನಾನು ತಯಾರಾದ ಬಗೆ

ಎಸ್ಸೆಸ್ಸೆಲ್ಸಿ ಗಣಿತಕ್ಕೆ ಹೇಗೆ ಓದಿದೆ ಅಂತ ನಮ್ಮೂರಿನ ಹತ್ತನೇ ಕ್ಲಾಸಿನ ಮಕ್ಕಳು ಈಗಲೂ ಕೇಳುತ್ತಾರೆ. ನಾನು ಹೇಳುವುದು ಒಂದೇ: ಓದಿದ್ದಕ್ಕಿಂತ ತಿದ್ದಿದ್ದು ಜಾಸ್ತಿ. ನಾನು ಬರೆದ ಉತ್ತರವನ್ನು ನಾನೇ ಮೌಲ್ಯಮಾಪಕಿಯ ಹಾಗೆ ಕೂತು, ಕೆಂಪು ಪೆನ್ನು ಹಿಡಿದು, ಅರ್ಧ ಅರ್ಧ ಅಂಕ ಹಾಕಿ ತಿದ್ದಿದೆ. ಗಣಿತ ನನಗೆ ಕೈಗೆ ಹತ್ತಿದ್ದು ಹಾಗೆ.

ನಾನು ಪರೀಕ್ಷೆ ಬರೆದದ್ದು 2020ರಲ್ಲಿ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ, ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಕೊರೋನಾದಿಂದ ಮುಂದಕ್ಕೆ ಹೋಯಿತು. ಕೊನೆಗೆ ಗಣಿತ ಪತ್ರಿಕೆ ಬಂದದ್ದು ಜೂನ್ 27ಕ್ಕೆ. ಮೂರು ತಿಂಗಳು ಹೆಚ್ಚಿಗೆ ಸಿಕ್ಕಿತಲ್ಲ ಅಂತ ದೊಡ್ಡವರು ಹೇಳುತ್ತಿದ್ದರು. ಆದರೆ ಪರೀಕ್ಷೆ ನಡೆಯುತ್ತೋ ಇಲ್ಲವೋ ಗೊತ್ತಿಲ್ಲದೆ ಅದೇ ಪುಸ್ತಕವನ್ನು ದಿನಾ ತೆರೆಯುವುದು ಸುಲಭವಲ್ಲ. ಗಣಿತವಂತೂ ಒಂದು ವಾರ ಬಿಟ್ಟರೆ ಕೈ ತಪ್ಪಿಹೋಗುವ ವಿಷಯ.

ಆಗ ನೆರವಿಗೆ ಬಂದದ್ದು ನಮ್ಮ ಗಣಿತ ಮೇಡಂ ಕೊಟ್ಟಿದ್ದ ಒಂದು ಕಟ್ಟು. ಅದರಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು, ಅವುಗಳ ಜೊತೆಗೆ ಪರೀಕ್ಷಾ ಮಂಡಳಿಯ ಮಾದರಿ ಉತ್ತರಗಳು ಇದ್ದವು. ಪ್ರಶ್ನೆಪತ್ರಿಕೆ ಎಲ್ಲರ ಹತ್ತಿರವೂ ಇರುತ್ತದೆ. ಮಾದರಿ ಉತ್ತರವನ್ನು ಗಮನವಿಟ್ಟು ನೋಡುವವರು ಕಡಿಮೆ. ನೋಡಿದರೂ ಕೊನೆಯ ಉತ್ತರ ಸರಿ ಇದೆಯಾ ಅಂತ ನೋಡಿ ಮುಚ್ಚಿಡುತ್ತಾರೆ. ಅದರ ಬಲಗಡೆ ಅಂಚಿನಲ್ಲಿ ಸಾಲು ಸಾಲಿಗೂ ½, ½, 1 ಅಂತ ಬರೆದಿರುತ್ತದಲ್ಲ, ಬೇಕಾದದ್ದು ಇರುವುದೇ ಅಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳ ಉದ್ದ ಸಮವಾಗಿರುತ್ತದೆ ಎಂಬ ಪ್ರಮೇಯ ಇದೆ. ಮೂರು ಅಂಕಕ್ಕೆ ಕೇಳಿದಾಗ ಸಾಮಾನ್ಯವಾಗಿ ಚಿತ್ರಕ್ಕೆ ಅರ್ಧ, ದತ್ತಕ್ಕೆ (ಕೊಟ್ಟಿರುವುದು) ಅರ್ಧ, ಸಾಧನೀಯಕ್ಕೆ (ಸಾಧಿಸಬೇಕಾದ್ದು) ಅರ್ಧ, ರಚನೆಗೆ (ಕೇಂದ್ರವನ್ನು ಬಾಹ್ಯ ಬಿಂದುವಿಗೂ ಎರಡು ಸ್ಪರ್ಶ ಬಿಂದುಗಳಿಗೂ ಸೇರಿಸುವುದು) ಅರ್ಧ, ಸಾಧನೆಗೆ ಒಂದು ಅಂಕ. ಅಂದರೆ ಸಾಧನೆಯ ಮೊದಲ ಸಾಲು ಬರೆಯುವ ಮುಂಚೆಯೇ ಎರಡು ಅಂಕ ಕೂತಿರುತ್ತದೆ. ಹಾಗಂತ ಸಾಧನೆ ಬಿಡಬಹುದು ಅಂತಲ್ಲ. ಅದು ಇರುವುದೇ ಮೂರು ಮಾತಿನಲ್ಲಿ: ತ್ರಿಜ್ಯ ಸ್ಪರ್ಶಕಕ್ಕೆ ಲಂಬ, ಎರಡೂ ತ್ರಿಭುಜಕ್ಕೆ ವಿಕರ್ಣ ಒಂದೇ, ತ್ರಿಜ್ಯಗಳು ಸಮ. ಆದ್ದರಿಂದ ಲಂಬಕೋನ–ವಿಕರ್ಣ–ಬಾಹು ನಿಯಮದಿಂದ ಎರಡೂ ತ್ರಿಭುಜ ಸರ್ವಸಮ, ಹಾಗಾಗಿ ಸ್ಪರ್ಶಕಗಳೂ ಸಮ. ಈ ಮೂರು ಕಾರಣ ಗೊತ್ತಿದ್ದರೆ ಬಾಯಿಪಾಠ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಆದರೆ ಪ್ರತಿ ಸಾಲಿನ ಪಕ್ಕ ಕಾರಣ ಬರೆಯಲೇಬೇಕು. ಕಾರಣವಿಲ್ಲದ ಸಾಲು ಬರೀ ಹೇಳಿಕೆ, ಅದು ಸಾಧನೆಯಾಗುವುದಿಲ್ಲ.

ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ ಎಂಬ ಥೇಲ್ಸ್ ಪ್ರಮೇಯಕ್ಕೂ ನಾನು ಇದೇ ದಾರಿ ಹಿಡಿದೆ. ಉದ್ದ ನೋಡಿ ಹೆದರುವವರೇ ಜಾಸ್ತಿ. ಅದರ ಒಳಗಿರುವುದು ಎರಡೇ ವಿಚಾರ. ಎತ್ತರ ಒಂದೇ ಇರುವ ಎರಡು ತ್ರಿಭುಜಗಳ ವಿಸ್ತೀರ್ಣದ ಅನುಪಾತ ಅವುಗಳ ಪಾದಗಳ ಅನುಪಾತವೇ ಆಗಿರುತ್ತದೆ. ಒಂದೇ ಪಾದದ ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ. ಎರಡನೆಯದು ನಾವು ಒಂಬತ್ತನೇ ತರಗತಿಯಲ್ಲೇ ಕಲಿತದ್ದು. ಮೊದಲ ವಿಚಾರವನ್ನು ಎಡಗಡೆ ಒಂದು ಸಲ, ಬಲಗಡೆ ಒಂದು ಸಲ ಬಳಸಿ, ಎರಡನೆಯದರಿಂದ ಆ ಎರಡನ್ನೂ ಜೋಡಿಸಿದರೆ ಪ್ರಮೇಯ ಮುಗಿಯಿತು. ನಾನು ಇದನ್ನು ಮೊದಲು ಅಮ್ಮನಿಗೆ ಬಾಯಲ್ಲಿ ಹೇಳಿದೆ, ಆಮೇಲೆ ಬರೆದೆ. ಚಿತ್ರದಲ್ಲಿ ಅಕ್ಷರ ಬದಲಾಯಿಸಿ ಕೊಟ್ಟರೂ ಆಮೇಲೆ ಗೊಂದಲ ಆಗಲಿಲ್ಲ. ಅಕ್ಷರ ಸಮೇತ ಉರು ಹೊಡೆದವರಿಗೆ ತೊಡಕಾಗುವುದು ಅಲ್ಲೇ ಅಲ್ವಾ?

ಈಗ ತಿದ್ದುವ ಕ್ರಮ ಹೇಳುತ್ತೇನೆ. ಒಂದು ದಿನ ಬರೆಯುವುದು, ಮಾರನೇ ದಿನ ಬೆಳಿಗ್ಗೆ ತಿದ್ದುವುದು. ಅದೇ ದಿನ ತಿದ್ದಿದರೆ ಕಣ್ಣು ಮೋಸ ಮಾಡುತ್ತದೆ. ಮನಸ್ಸಿನಲ್ಲಿ ಇದ್ದದ್ದನ್ನೇ ಹಾಳೆಯ ಮೇಲೂ ಓದಿಕೊಳ್ಳುತ್ತದೆ. ಒಂದು ರಾತ್ರಿ ಕಳೆದರೆ ಬೇರೆ ಯಾರದ್ದೋ ಉತ್ತರಪತ್ರಿಕೆಯ ಹಾಗೆ ಕಾಣುತ್ತದೆ. ಅಂಕ ಕಳೆದುಹೋದ ಪ್ರತಿ ಜಾಗದಲ್ಲೂ ಅಂಚಿನಲ್ಲಿ ಒಂದು ಅಕ್ಷರ ಹಾಕುತ್ತಿದ್ದೆ. ಗೊತ್ತೇ ಇಲ್ಲದ್ದಕ್ಕೆ ‘ಗೊ’. ದಾರಿ ಸರಿ, ಕೂಡುವುದು ಕಳೆಯುವುದು ತಪ್ಪಿದ್ದಕ್ಕೆ ‘ಲೆ’. ಗೊತ್ತಿದ್ದೂ ಹಂತ ಬಿಟ್ಟದ್ದಕ್ಕೆ ‘ಬಿ’. ಪ್ರಶ್ನೆಯನ್ನು ಸರಿಯಾಗಿ ಓದದ್ದಕ್ಕೆ ‘ಓ’.

ಈ ನಾಲ್ಕು ಅಕ್ಷರ ಸಣ್ಣ ವಿಷಯ ಅನ್ನಿಸಬಹುದು. ನನ್ನ ತಯಾರಿಯ ದಿಕ್ಕು ಬದಲಾದದ್ದು ಮಾತ್ರ ಇವುಗಳಿಂದಲೇ. ‘ಗಣಿತ ಕಷ್ಟ’ ಅನ್ನುವ ಮಾತಿನಿಂದ ಮುಂದೇನು ಮಾಡಬೇಕು ಅಂತ ತಿಳಿಯುವುದಿಲ್ಲ. ‘ಗೊ’ ಜಾಸ್ತಿ ಇದ್ದರೆ ಪಾಠಕ್ಕೆ ವಾಪಸ್ ಹೋಗಬೇಕು. ‘ಲೆ’ ಜಾಸ್ತಿ ಇದ್ದರೆ ಪಾಠ ಓದಿ ಪ್ರಯೋಜನವಿಲ್ಲ, ಬರೆಯುವ ರೀತಿಯನ್ನೇ ಬದಲಿಸಬೇಕು. ಎರಡಕ್ಕೂ ಒಂದೇ ಔಷಧ ಅಂತ ಇನ್ನಷ್ಟು ಲೆಕ್ಕ ಮಾಡುತ್ತಾ ಹೋದರೆ ಸುಮ್ನೆ ಸುಸ್ತು.

ನನ್ನ ಪುಸ್ತಕದಲ್ಲಿ ‘ಲೆ’ ಮುಖ್ಯವಾಗಿ ಮೈನಸ್ ಚಿಹ್ನೆಯ ಸುತ್ತವೇ ಇತ್ತು. 2ಎಕ್ಸ್² − 5ಎಕ್ಸ್ + 3 = 0 ಎಂಬ ವರ್ಗ ಸಮೀಕರಣ ತೆಗೆದುಕೊಳ್ಳಿ. ಇಲ್ಲಿ ವರ್ಗ ಸಮೀಕರಣದ ಸೂತ್ರದಲ್ಲಿ ಬರುವ ಬಿ (ಎಕ್ಸ್‌ನ ಸಹಗುಣಕ, ಅಂಚಿನ ಅಕ್ಷರವಲ್ಲ) ಬೆಲೆ −5. ಸೂತ್ರದಲ್ಲಿ ಮೈನಸ್ ಬಿ ಇದೆ, ಅಂದರೆ +5 ಆಗಬೇಕು. ಅವಸರದಲ್ಲಿ −5 ಅಂತಲೇ ಇಳಿದುಬಿಡುತ್ತದೆ. ಇದಕ್ಕೆ ನಾನು ಮಾಡಿಕೊಂಡ ಕಟ್ಟುನಿಟ್ಟು ಇಷ್ಟೇ: ಸೂತ್ರಕ್ಕೆ ಬೆಲೆ ತುಂಬುವ ಸಾಲಿನಲ್ಲಿ ಪ್ರತಿಯೊಂದು ಬೆಲೆಗೂ ಆವರಣ ಹಾಕುವುದು. −(−5) ಅಂತ ಬರೆದ ಮೇಲೆ ತಪ್ಪುವುದು ಕಷ್ಟ. ಶೋಧಕ, ಅಂದರೆ ಸೂತ್ರದಲ್ಲಿ ವರ್ಗಮೂಲದ ಒಳಗಿನ ಭಾಗ, 25 − 24 = 1, ಮೂಲಗಳು 3/2 ಮತ್ತು 1. ಬಂದ ಮೂಲವನ್ನು ಸಮೀಕರಣದಲ್ಲಿ ಹಾಕಿ ನೋಡಬೇಕು. 1 ಹಾಕಿದರೆ 2 − 5 + 3, ಸೊನ್ನೆ ಬಂತು. ಹತ್ತು ಸೆಕೆಂಡಿನ ಕೆಲಸ.

ಸಮಾಂತರ ಶ್ರೇಢಿಯಲ್ಲೂ ಒಂದು ಮಾಮೂಲಿ ಹಳ್ಳ ಇದೆ. 3, 7, 11… ಈ ಶ್ರೇಢಿಯ 20ನೇ ಪದ ಬೇಕಾದರೆ 3ಕ್ಕೆ ಸೇರಬೇಕಾದ್ದು 19 ಸಲ 4. ಇಪ್ಪತ್ತು ಸಲ ಅಲ್ಲ. ಉತ್ತರ 79. ಮೊದಲ 20 ಪದಗಳ ಮೊತ್ತ 10 × (3 + 79), ಅಂದರೆ 820. ಕೊನೆಯ ಪದ ಗೊತ್ತಿದ್ದರೆ ಮೊತ್ತಕ್ಕೆ ಈ ಚಿಕ್ಕ ಸೂತ್ರವೇ ಒಳ್ಳೆಯದು. ದೊಡ್ಡ ಸೂತ್ರದಲ್ಲಿ ಜಾರುವ ಜಾಗಗಳು ಹೆಚ್ಚು.

‘ಓ’ ಬರುತ್ತಿದ್ದದ್ದು ಘನಾಕೃತಿಗಳಲ್ಲಿ. ಪಠ್ಯಪುಸ್ತಕದಲ್ಲೇ ಒಂದು ಆಟಿಕೆಯ ಲೆಕ್ಕ ಇದೆ. ಅರ್ಧಗೋಳದ ಮೇಲೆ ಶಂಕು ಕೂತಿದೆ, ತ್ರಿಜ್ಯ 3.5 ಸೆಂ.ಮೀ., ಆಟಿಕೆಯ ಒಟ್ಟು ಎತ್ತರ 15.5 ಸೆಂ.ಮೀ. ಶಂಕುವಿನ ಎತ್ತರ 15.5 ಅಲ್ಲ, ಅರ್ಧಗೋಳದ 3.5 ಕಳೆದು 12. ಓರೆ ಎತ್ತರ 12.5. ಶಂಕುವಿನ ಪಾರ್ಶ್ವ ಮೇಲ್ಮೈ 137.5, ಅರ್ಧಗೋಳದ್ದು 77, ಒಟ್ಟು 214.5 ಚದರ ಸೆಂ.ಮೀ. ಚಿತ್ರ ಬರೆದು ಅಳತೆಗಳನ್ನು ಅದರ ಮೇಲೇ ಗುರುತು ಮಾಡಿದರೆ ಈ ತಪ್ಪು ಆಗುವುದೇ ಇಲ್ಲ. ಪ್ರಶ್ನೆಯಲ್ಲಿ ಚಿತ್ರ ಕೇಳಿರಲಿ, ಕೇಳದೇ ಇರಲಿ, ನಾನು ಬರೆಯುತ್ತಿದ್ದೆ. ಇನ್ನೊಂದು ಮಾತು. ತ್ರಿಜ್ಯ 3.5, 7, 14, 21 ಹೀಗೆ ಇದ್ದರೆ 22/7 ಜೊತೆ ಮೊದಲು ಹೊಡೆದುಹಾಕಿ, ಆಮೇಲೆ ಗುಣಿಸಿ. ಮೊದಲೇ ಗುಣಿಸಿಕೊಂಡು ಆಮೇಲೆ 7ರಿಂದ ಭಾಗಿಸಲು ಹೊರಟರೆ ಸಮಯವೂ ಹೋಗುತ್ತದೆ, ‘ಲೆ’ಯೂ ಬರುತ್ತದೆ.

‘ಬಿ’ ಅಂದರೆ ಗೊತ್ತಿದ್ದೂ ಬಿಟ್ಟ ಅಂಕ. ನನಗೆ ಜಾಸ್ತಿ ಸಂಕಟ ಕೊಟ್ಟದ್ದು ಇದೇ. ಎರಡು ಸಮೀಕರಣಗಳನ್ನು ರೇಖೆ ಎಳೆದು ಬಿಡಿಸುವ ನಕ್ಷೆಯ ಪ್ರಶ್ನೆ ನಮ್ಮ ವರ್ಷ ನಾಲ್ಕು ಅಂಕದ್ದು. ಕೋಷ್ಟಕಗಳಿಗೆ ಎರಡು, ರೇಖೆಗಳಿಗೆ ಒಂದು, ಛೇದಿಸುವ ಬಿಂದು ಗುರುತಿಸಿ ಉತ್ತರ ಬರೆಯುವುದಕ್ಕೆ ಒಂದು. ರೇಖೆ ಎಳೆದ ಖುಷಿಯಲ್ಲಿ ‘ಎಕ್ಸ್ = 3, ವೈ = 2’ ಅಂತ ಬರೆಯದೆ ಮುಂದಿನ ಪ್ರಶ್ನೆಗೆ ಹೋಗುವ ಮಕ್ಕಳು ಎಷ್ಟು ಜನ! ರಚನೆಯಲ್ಲಿ ಕೈವಾರದಿಂದ ಎಳೆದ ಕಂಸಗಳನ್ನು ಅಳಿಸಿ ಚೆಂದ ಮಾಡುವುದೂ ಹೀಗೇ. ಆ ಕಂಸಗಳಿಗೇ ಅಂಕ ಇರುವುದು. ಸ್ಪರ್ಶಕ ಎಳೆದ ಮೇಲೆ ಪೈಥಾಗೊರಸ್‌ನಿಂದ ಒಮ್ಮೆ ನೋಡಿಕೊಳ್ಳಬಹುದು. ತ್ರಿಜ್ಯ 3 ಸೆಂ.ಮೀ., ಕೇಂದ್ರದಿಂದ ಬಿಂದುವಿಗೆ 5 ಸೆಂ.ಮೀ. ಇದ್ದರೆ ಸ್ಪರ್ಶಕ 4 ಸೆಂ.ಮೀ. ಬರಲೇಬೇಕು. ಅಳತೆಪಟ್ಟಿ ಇಟ್ಟು ನೋಡಿದರೆ ಆಯಿತು.

ಸಂಖ್ಯಾಶಾಸ್ತ್ರ, ಸಂಭವನೀಯತೆ, ನಿರ್ದೇಶಾಂಕ ರೇಖಾಗಣಿತ ಈ ಮೂರಕ್ಕೆ ನಾನು ಹೆಚ್ಚು ಹೊತ್ತು ಕೊಡಲಿಲ್ಲ. ಸೂತ್ರ ನೆನಪಿದ್ದು, ಆವೃತ್ತಿಗಳ ಮೊತ್ತ ಒಮ್ಮೆ ಪರೀಕ್ಷಿಸಿಕೊಂಡರೆ ಅವು ಕೈಬಿಡುವುದಿಲ್ಲ. ಎಲ್ಲ ಅಧ್ಯಾಯಕ್ಕೂ ಸಮಾನ ಸಮಯ ಹಂಚಬೇಕು ಅನ್ನುವ ವೇಳಾಪಟ್ಟಿಗಳನ್ನು ನಾನು ಒಪ್ಪುವುದಿಲ್ಲ. ಸಮಯ ಹೋಗಬೇಕಾದ್ದು ಅಂಕ ಸೋರುವ ಕಡೆಗೆ. ಪಾಸಾಗಲು ಬೇಕಾದಷ್ಟು ಸುಲಭದ ಭಾಗಗಳನ್ನಷ್ಟೇ ಆರಿಸಿ ಶಾಲೆಗಳಲ್ಲಿ ಕೊಡುವ ‘ಪಾಸಿಂಗ್ ಪ್ಯಾಕೇಜ್’ ಬಗ್ಗೆಯೂ ಹೇಳಬೇಕು. ಗಣಿತ ಅಂದರೆ ಕೈ ನಡುಗುವ ಹುಡುಗನಿಗೆ ಅದು ನಿಜವಾದ ಆಸರೆ, ಅದನ್ನು ಕೀಳಾಗಿ ನೋಡಬಾರದು. ಆದರೆ ಅದು ಶುರು ಮಾಡುವ ಜಾಗ. ಅಲ್ಲಿ ನಾಲ್ಕು ಅಧ್ಯಾಯ ಗಟ್ಟಿಯಾದ ಹುಡುಗ ಐದನೆಯದನ್ನೂ ಮಾಡಬಲ್ಲ ಅಂತ ಯಾರಾದರೂ ಅವನಿಗೆ ಹೇಳಬೇಕು.

ಲಾಕ್‌ಡೌನ್ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪುನರ್ಮನನ ಪಾಠ ಬರುತ್ತಿತ್ತು. ಟಿವಿಯಲ್ಲಿ ಮೇಷ್ಟ್ರು ಲೆಕ್ಕ ಶುರು ಮಾಡಿದ ತಕ್ಷಣ ನಾನು ತಲೆ ತಗ್ಗಿಸಿ ಅವರಿಗಿಂತ ಮೊದಲೇ ಬಿಡಿಸಲು ನೋಡುತ್ತಿದ್ದೆ. ಸುಮ್ಮನೆ ನೋಡುತ್ತಾ ಕೂತರೆ ಎಲ್ಲ ಅರ್ಥವಾದ ಹಾಗೆ ಇರುತ್ತದೆ, ಕೈಗೆ ಮಾತ್ರ ಬಂದಿರುವುದಿಲ್ಲ. ಪಕ್ಕದ ಊರಿನ ಗೆಳತಿ ಒಬ್ಬಳು ಇದ್ದಳು. ಅಪ್ಪನ ಫೋನಿನಲ್ಲಿ ಉತ್ತರದ ಫೋಟೋ ತೆಗೆದು ಅವಳಿಗೆ ಕಳಿಸುತ್ತಿದ್ದೆ, ಅವಳದ್ದು ನನಗೆ ಬರುತ್ತಿತ್ತು. ಅವಳು ನನಗಿಂತ ಬಿಗಿ. ‘ಚದರ ಸೆಂ.ಮೀ.’ ಬರೆಯದಿದ್ದರೆ ಅರ್ಧ ಅಂಕ ಕತ್ತರಿಸಿಯೇ ಬಿಡುತ್ತಿದ್ದಳು. ಅವಳ ಉತ್ತರ ತಿದ್ದುವಾಗ ನಾನು ಕಲಿತದ್ದೂ ಬಹಳ. ಬೇರೆಯವರ ದಾರಿ ಸರಿಯಾ ತಪ್ಪಾ ಅಂತ ಹೇಳಬೇಕಾದರೆ ನಮಗೆ ಒಂದೇ ದಾರಿ ಗೊತ್ತಿದ್ದರೆ ಸಾಲದು. ತ್ರಿಕೋನಮಿತಿಯ ನಿತ್ಯಸಮೀಕರಣಗಳಲ್ಲಿ ಇದು ಚೆನ್ನಾಗಿ ಕಂಡಿತು. ನಾನು ಎಲ್ಲವನ್ನೂ ಸೈನ್, ಕಾಸ್‌ಗೆ ತಿರುಗಿಸಿಕೊಂಡು ಹೋಗುತ್ತಿದ್ದೆ. ಅವಳು ‘1 + ಟ್ಯಾನ್² = ಸೆಕ್²’ ಹಿಡಿದು ಮೂರೇ ಸಾಲಿನಲ್ಲಿ ಮುಗಿಸುತ್ತಿದ್ದಳು.

ಸಮಯದ ಲೆಕ್ಕಕ್ಕೆ ಬರೋಣ. ನಮ್ಮ ವರ್ಷ 80 ಅಂಕಕ್ಕೆ 38 ಪ್ರಶ್ನೆ. ಒಂದಂಕದವು 16, ಎರಡಂಕದವು 8, ಮೂರಂಕದವು 9, ನಾಲ್ಕಂಕದವು 4, ಐದಂಕದ್ದು ಒಂದು. ಪ್ರಶ್ನೆಪತ್ರಿಕೆ ಓದಲು 15 ನಿಮಿಷ, ಬರೆಯಲು 3 ಗಂಟೆ. 180 ನಿಮಿಷದಲ್ಲಿ 20 ನಿಮಿಷ ತಿರುಗಿ ನೋಡಲು ಎತ್ತಿಟ್ಟರೆ ಉಳಿಯುವುದು 160, ಅಂದರೆ ಅಂಕಕ್ಕೆ ಎರಡು ನಿಮಿಷ. ಈ ಒಂದು ಲೆಕ್ಕ ತಲೆಯಲ್ಲಿ ಇದ್ದರೆ ಸಾಕು. ಮೂರಂಕದ ಪ್ರಶ್ನೆಗೆ ಆರು ನಿಮಿಷ ದಾಟಿ ಇನ್ನೂ ದಾರಿ ಕಾಣದಿದ್ದರೆ ಜಾಗ ಬಿಟ್ಟು ಮುಂದೆ ಹೋಗಬೇಕು. ಒಂದಂಕದ ಪ್ರಶ್ನೆಗಳಲ್ಲಿ ಉಳಿಯುವ ಸಮಯ ಪ್ರಮೇಯಕ್ಕೆ, ನಕ್ಷೆಗೆ ಸಿಗುತ್ತದೆ. ಮನೆಯಲ್ಲಿ ಪೂರ್ತಿ ಪತ್ರಿಕೆ ಬರೆಯುವಾಗ ನಾನು ಪರೀಕ್ಷೆಯ ಸಮಯಕ್ಕೇ, ಬೆಳಿಗ್ಗೆ ಹತ್ತೂವರೆಗೆ ಕೂರುತ್ತಿದ್ದೆ. ಮಾಸ್ಕ್ ಕಡ್ಡಾಯ ಅಂತ ತಿಳಿದ ಮೇಲೆ ಮಾಸ್ಕ್ ಹಾಕಿಕೊಂಡೇ ಬರೆದೆ. ಮೂರು ಗಂಟೆ ಮಾಸ್ಕ್ ಒಳಗೆ ಉಸಿರಾಡುತ್ತಾ ಲೆಕ್ಕ ಮಾಡುವುದಕ್ಕೂ ಅಭ್ಯಾಸ ಬೇಕಿತ್ತು.

ಪರೀಕ್ಷೆಯ ದಿನ ಬಾಗಿಲಲ್ಲಿ ಜ್ವರ ನೋಡಿ, ಸ್ಯಾನಿಟೈಸರ್ ಹಾಕಿ ಒಳಗೆ ಬಿಟ್ಟರು. ಮೊದಲ 15 ನಿಮಿಷದಲ್ಲಿ ನಾನು ಯಾವ ಲೆಕ್ಕವನ್ನೂ ಮನಸ್ಸಿನಲ್ಲಿ ಬಿಡಿಸಲು ಹೋಗಲಿಲ್ಲ. ಪ್ರತಿ ಪ್ರಶ್ನೆಯಲ್ಲಿ ಏನು ಕೇಳಿದ್ದಾರೆ ಅನ್ನುವುದನ್ನಷ್ಟೇ ಓದಿದೆ. ಕೊನೆಯ 20 ನಿಮಿಷದಲ್ಲಿ ಉತ್ತರಗಳನ್ನು ಮತ್ತೆ ಮಾಡಲಿಲ್ಲ, ತಿದ್ದಿದೆ. ಸಮೀಕರಣದಲ್ಲಿ ಬೆಲೆ ಹಾಕಿ ನೋಡಿದೆ, ಸೆಂ.ಮೀ.ನಂಥ ಅಳತೆಯ ಮಾನ ಬರೆದಿದೆಯಾ ನೋಡಿದೆ, ಪ್ರಮೇಯದ ಸಾಲುಗಳಿಗೆ ಕಾರಣ ಇದೆಯಾ ನೋಡಿದೆ. ಮನೆಗೆ ಬಂದು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ನನ್ನ ಅಂದಾಜು ಅಂಕ ಬರೆದಿಟ್ಟೆ. ಆಗಸ್ಟ್ 10ಕ್ಕೆ ಫಲಿತಾಂಶ ಬಂದಾಗ ಎರಡೂ ಹತ್ತಿರ ಹತ್ತಿರವೇ ಇದ್ದವು.

ಈ ವರ್ಷ ಬರೆಯುವವರು ಇದನ್ನು ಮಾಡಿ ನೋಡುವುದಾದರೆ ಮೊದಲು ನಿಮ್ಮ ವರ್ಷದ ಮಾದರಿ ಪ್ರಶ್ನೆಪತ್ರಿಕೆಯ ವಿನ್ಯಾಸ ನೋಡಿಕೊಳ್ಳಿ, ಅದು ಆಗಾಗ ಬದಲಾಗುತ್ತದೆ. ಆಮೇಲೆ ಅಂಕ ಹಂಚಿರುವ ಮಾದರಿ ಉತ್ತರವನ್ನು ನಿಮ್ಮ ಮೇಷ್ಟ್ರ ಹತ್ತಿರ ಕೇಳಿ ತೆಗೆದುಕೊಳ್ಳಿ. ಪೂರ್ತಿ ಪತ್ರಿಕೆಯಿಂದ ಶುರು ಮಾಡಬೇಡಿ. ಒಂದು ಪ್ರಮೇಯ, ಒಂದು ನಕ್ಷೆ, ಒಂದು ವರ್ಗ ಸಮೀಕರಣ ಇವತ್ತು ಪುಸ್ತಕ ಮುಚ್ಚಿ ಬರೆಯಿರಿ, ನಾಳೆ ಬೆಳಿಗ್ಗೆ ತಿದ್ದಿ. ಅಂಚಿನಲ್ಲಿ ಯಾವ ಅಕ್ಷರ ಜಾಸ್ತಿ ಬಂತು ನೋಡಿಕೊಂಡು, ಅದರ ಮೇಲೆ ನಾಡಿದ್ದಿನ ಕೆಲಸ ಇಟ್ಟುಕೊಳ್ಳಿ.