ಚಳಿಗಾಲಕ್ಕೆ ಕಾರು ಮಲಗಿಸುವ ಮುಂಚೆ ನಾನು ಮಾಡುವ ಕೆಲಸಗಳು

ಮೊದಲ ಸಲ ಚಳಿಗಾಲಕ್ಕೆ ಕಾರು ನಿಲ್ಲಿಸಿದಾಗ ನಾನು ಮಾಡಿದ್ದು ಇಷ್ಟೇ. ಶೆಡ್ಡಿಗೆ ತಂದೆ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದೆ, ಮೇಲೊಂದು ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದೆ, ಬೀಗ ಹಾಕಿ ಹೋದೆ. ಓಡಿಸದ ಕಾರಿಗೆ ಏನು ತಾನೇ ಆಗುತ್ತೆ, ಅಲ್ವಾ?

ನಾಲ್ಕು ತಿಂಗಳು ಬಿಟ್ಟು ಬಂದು ರಿಮೋಟ್ ಒತ್ತಿದರೆ ಸದ್ದೇ ಇಲ್ಲ. ಬ್ಯಾಟರಿ ಪೂರ್ತಿ ಇಳಿದಿತ್ತು. ಕೀ ತೂರಿಸಿ ಬಾಗಿಲು ತೆಗೆದೆ. ಚಾರ್ಜರ್ ಇದ್ದದ್ದು ಡಿಕ್ಕಿಯಲ್ಲಿ. ಡಿಕ್ಕಿ ತೆರೆಯುವುದು ಬಟನ್‌ನಿಂದ, ಬಟನ್‌ಗೆ ಕರೆಂಟ್ ಬೇಕು! ಹಿಂದಿನ ಸೀಟು ಮಡಚಿ, ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ, ಕತ್ತಲಲ್ಲಿ ತಡಕಾಡಿ ಅದನ್ನು ಎಳೆದು ತಂದೆ. ಚಾರ್ಜ್ ಆಗಿ ಎಂಜಿನ್ ಏನೋ ಶುರುವಾಯಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಹಿಂದಿನ ಬ್ರೇಕ್ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಕಚ್ಚಿಕೊಂಡಿತ್ತು. ಕೊನೆಗೆ ಬ್ಲೋಯರ್ ಹಾಕಿದೆ. ಮುಖದ ಮೇಲೆ ಟಿಶ್ಯೂ ಪೇಪರಿನ ಚೂರು, ಕೂದಲು, ಜೊತೆಗೆ ಇಲಿ ಹಿಕ್ಕೆಯ ವಾಸನೆ.

ಅವತ್ತು ನನಗೆ ಗೊತ್ತಾಯಿತು, ನಿಂತ ಕಾರನ್ನು ಕೆಡಿಸುವುದು ಬರೀ ಚಳಿ ಅಲ್ಲ. ತೇವ, ಇಲಿ, ಸದ್ದಿಲ್ಲದೆ ಇಳಿಯುವ ಬ್ಯಾಟರಿ, ಈ ಮೂರು. ಈಗ ನಾನು ಮಾಡುವ ಎಲ್ಲ ತಯಾರಿಯೂ ಇವುಗಳ ಮೇಲೆಯೇ.

ಶುರು ಮಾಡುವುದು ತೊಳೆಯುವುದರಿಂದ. ಪಾಲಿಶ್ ಹೊಳೆಯಲಿ ಅಂತಲ್ಲ. ಹಕ್ಕಿ ಹಿಕ್ಕೆ ನಾಲ್ಕು ತಿಂಗಳು ಕೂತರೆ ಪೇಂಟ್ ತಿನ್ನುತ್ತದೆ. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ತಳಕ್ಕೆ ಅಂಟಿದ್ದರೆ ತುಕ್ಕಿಗೆ ಹಬ್ಬ. ಚಕ್ರದ ಮೇಲಿನ ಕಮಾನಿನ ಒಳಅಂಚಿಗೆ ಒಮ್ಮೆ ಬೆರಳು ಹಾಕಿ ನೋಡಿ. ಹೊರಗೆ ಫಳಫಳ ಅನ್ನುವ ಕಾರಿನಲ್ಲೂ ಅಲ್ಲಿಂದ ಹಿಡಿ ಹಸಿ ಮಣ್ಣು ಬರುತ್ತದೆ. ಆ ಮಣ್ಣು ಒಣಗುವುದೇ ಇಲ್ಲ. ಪೈಪ್ ಹಿಡಿದು ಅಲ್ಲಿ ಐದು ನಿಮಿಷ ಜಾಸ್ತಿ ಕಳೆಯುತ್ತೇನೆ. ಆಮೇಲೆ ಒಂದು ಕೈ ವ್ಯಾಕ್ಸ್.

ತೊಳೆದ ಕಾರನ್ನು ಹಾಗೇ ಒಳಗೆ ಹಾಕಬಾರದು. ಬ್ರೇಕ್ ಎಲ್ಲ ಒದ್ದೆ ಇರುತ್ತದೆ. ಅರ್ಧ ಗಂಟೆ ಓಡಿಸಬೇಕು. ಈ ಒಂದೇ ಸುತ್ತಿನಲ್ಲಿ ನನ್ನ ಇನ್ನೆರಡು ಕೆಲಸ ಮುಗಿಯುತ್ತವೆ. ಮೊದಲನೆಯದು ಪೆಟ್ರೋಲ್. ಖಾಲಿ ಟ್ಯಾಂಕಿನಲ್ಲಿ ಗಾಳಿ ಜಾಸ್ತಿ, ಗಾಳಿಯಲ್ಲಿನ ತೇವ ಒಳಗೇ ನೀರಾಗಿ ಇಳಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಆ ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಎಥನಾಲ್ ಸಮೇತ ತಳಕ್ಕೆ ಇಳಿದು ನಿಲ್ಲುತ್ತದೆ. ಹಾಗಾಗಿ ಬಂಕಿನಲ್ಲಿ ಮೊದಲು ಸ್ಟೆಬಿಲೈಸರ್ (ನಿಂತ ಪೆಟ್ರೋಲ್ ಬೇಗ ಕೆಡದಂತೆ ನೋಡಿಕೊಳ್ಳುವ ದ್ರವ) ಸುರಿದು, ಮೇಲೆ ಟ್ಯಾಂಕ್ ತುಂಬಿಸುತ್ತೇನೆ. ಮನೆಗೆ ಬರುವಷ್ಟರಲ್ಲಿ ಅದು ಬೆರೆತು ಇಂಜೆಕ್ಟರ್ ತನಕ ಹೋಗಿರುತ್ತದೆ. ಎರಡನೆಯದು ಎಂಜಿನ್ ಆಯಿಲ್. ಸುತ್ತು ಹಾಕಿ ಬಂದಾಗ ಆಯಿಲ್ ಬಿಸಿಯಾಗಿ ತೆಳುವಾಗಿರುತ್ತದೆ, ಕೊಳೆ ಸಮೇತ ಇಳಿದು ಬರುತ್ತದೆ. ಹೇಗೂ ನಿಲ್ಲಿಸ್ತೀವಿ, ಆಯಿಲ್ ಬಂದ ಮೇಲೆ ಬದಲಾಯಿಸೋಣ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೇ ಆಯಿಲಿನಲ್ಲಿ ಆಮ್ಲವೂ ತೇವವೂ ಸೇರಿರುತ್ತದೆ, ಅದರಲ್ಲಿ ಬೇರಿಂಗುಗಳನ್ನು ನಾಲ್ಕು ತಿಂಗಳು ನೆನೆಹಾಕುವುದು ಯಾಕೆ?

ಎಂಜಿನ್ ತಂಪಾಗಿಡುವ ಕೂಲೆಂಟ್ ಅರ್ಧಕ್ಕರ್ಧ ನೀರಿನ ಜೊತೆ ಬೆರೆತಿದ್ದರೆ ಮೈನಸ್ 37 ಡಿಗ್ರಿವರೆಗೆ ಭಯವಿಲ್ಲ. ಗಾಜು ತೊಳೆಯುವ ಡಬ್ಬಿಯಲ್ಲಿ ಬರೀ ನೀರಿದ್ದರೆ ಮಾತ್ರ ಅದು ಹೆಪ್ಪುಗಟ್ಟಿ ಪೈಪ್ ಸೀಳುತ್ತದೆ. ಅಲ್ಲಿಗೆ ಚಳಿಗಾಲದ್ದೇ ದ್ರಾವಣ.

ಇನ್ನು ಬ್ಯಾಟರಿ. ಕಾರು ನಿಂತರೂ ಗಡಿಯಾರ, ಅಲಾರಂ, ಲಾಕ್ ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. 50 ಮಿಲಿ ಆಂಪಿಯರ್ ಅಂತ ಹಿಡಿಯಿರಿ, ದಿನಕ್ಕೆ 1.2 ಆಂಪಿಯರ್ ಅವರ್ ಹೋಯಿತು. 45 ಆಂಪಿಯರ್ ಅವರ್ ಬ್ಯಾಟರಿ ತಿಂಗಳೊಪ್ಪತ್ತಿನಲ್ಲಿ ಖಾಲಿ. ಖಾಲಿಯಾದ ಬ್ಯಾಟರಿಗೆ ಇನ್ನೊಂದು ಅಪಾಯವಿದೆ. ತುಂಬಿದ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಖಾಲಿಯದು ಮೈನಸ್ 10ರ ಆಚೀಚೆಯೇ ಹೆಪ್ಪುಗಟ್ಟಿ ಒಡೆಯಬಹುದು. ನಾನು ಮೀಟರ್ ಹಿಡಿದು ನೋಡುತ್ತೇನೆ. 12.6 ವೋಲ್ಟ್ ಅಥವಾ ಅದಕ್ಕಿಂತ ಮೇಲಿದ್ದರೆ ಸರಿ, 12.4ಕ್ಕೆ ಇಳಿದಿದ್ದರೆ ಚಾರ್ಜಿಗೆ ಹಾಕುತ್ತೇನೆ. ಶೆಡ್ಡಿನಲ್ಲಿ ಕರೆಂಟ್ ಇಲ್ಲ, ಹಾಗಾಗಿ ಬ್ಯಾಟರಿ ಬಿಚ್ಚಿ ಮನೆಗೇ ತರುತ್ತೇನೆ. ತುಂಬಿದ ಕೂಡಲೇ ತಾನೇ ಕರೆಂಟ್ ಕಡಿಮೆ ಮಾಡುವ ಚಾರ್ಜರಿಗೆ, ಅಂದರೆ ಮೇಂಟೇನರ್‌ಗೆ, ಸಿಕ್ಕಿಸಿ ಮರೆತುಬಿಡಬಹುದು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಉಲ್ಟಾ ಮಾಡಿದರೆ ಸ್ಪ್ಯಾನರ್ ಕಾರಿನ ಲೋಹಕ್ಕೆ ತಗಲಿ ಕಿಡಿ ಹಾರಬಹುದು. ಆಮೇಲೆ ಡಿಕ್ಕಿಯೊಳಗೆ ಏನೂ ಉಳಿದಿಲ್ಲ ಅಂತ ಎರಡು ಸಲ ನೋಡುತ್ತೇನೆ. ತೆವಳಿದ್ದು ಸಾಕು.

"ವಾರಕ್ಕೊಂದ್ಸಲ ಹೋಗಿ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡೋ, ಅಷ್ಟೇ ಸಾಕು" ಅಂದಿದ್ದರು ನಮ್ಮ ಮಾವ. ಎರಡನೇ ವರ್ಷ ಹಾಗೇ ಮಾಡಿದೆ. ಪ್ರತಿ ಸಲ ಸೈಲೆನ್ಸರ್ ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು. ಐದು ನಿಮಿಷದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಹುಟ್ಟಿದ ಆವಿ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ನೀರಾಗಿ ಕೂರುತ್ತದೆ. ಸೆಲ್ಫ್ ಹೊಡೆಯಲು ಹೋದ ಚಾರ್ಜ್ ಕೂಡ ವಾಪಸ್ ಬರುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಂತೂ ಆ ಹೊಗೆ ಪ್ರಾಣಕ್ಕೇ ಕುತ್ತು. ಓಡಿಸುವುದಾದರೆ ರಸ್ತೆಗೆ ತೆಗೆದು ಅರ್ಧ ಗಂಟೆ ಓಡಿಸಬೇಕು, ಇಲ್ಲಾಂದ್ರೆ ಮುಟ್ಟಲೇಬಾರದು. ಮಾವನಿಗೆ ಇದನ್ನು ಹೇಳುವ ಧೈರ್ಯ ಇನ್ನೂ ಮಾಡಿಲ್ಲ.

ಟೈರಿಗೆ 32 ಪಿಎಸ್‌ಐ ಹಾಕುವ ಕಡೆ 38ರಷ್ಟು ಗಾಳಿ ಹಾಕುತ್ತೇನೆ. ಟೈರಿನ ಪಕ್ಕದಲ್ಲಿ ಬರೆದ ಮಿತಿ ದಾಟುವುದಿಲ್ಲ. ಒಂದೇ ಕಡೆ ಭಾರ ಬಿದ್ದು ಚಪ್ಪಟೆಯಾಗುವುದು ಇದರಿಂದ ಕಡಿಮೆಯಾಗುತ್ತದೆ. ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲ. ಮೊದಲನೇ ಗೇರು, ಚಕ್ರದ ಹಿಂದೆ ಮುಂದೆ ಮರದ ತುಂಡು.

ಇಲಿ ವಿಷಯಕ್ಕೆ ಬಂದರೆ, ನಾನು ಸೋತು ಸೋತು ಕಲಿತವನು. ಒಂದು ವರ್ಷ ನುಸಿಗುಳಿಗೆ ಇಟ್ಟೆ. ಇಲಿಗಳೂ ಬಂದವು, ನುಸಿಗುಳಿಗೆ ವಾಸನೆಯೂ ಬೇಸಿಗೆ ಮುಗಿಯುವ ತನಕ ಉಳಿಯಿತು. ಈಗ ಮಾಡುವುದೇ ಬೇರೆ. ಸೀಟಿನ ಸಂದಿಯ ಬಿಸ್ಕೆಟ್ ಚೂರು ಪೂರ್ತಿ ಎಳೆದು ತೆಗೆಯುತ್ತೇನೆ. ಟಿಶ್ಯೂ ಡಬ್ಬಿ ಮನೆಗೆ. ತಿನ್ನೋಕಲ್ಲ, ಇಲಿಗೆ ಅದು ಹಾಸಿಗೆ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಉಂಡೆ ಮಾಡಿ ಸೈಲೆನ್ಸರ್ ಬಾಯಿಗೂ ಏರ್ ಫಿಲ್ಟರಿಗೆ ಹೋಗುವ ಪೈಪಿನ ಬಾಯಿಗೂ ತುರುಕುತ್ತೇನೆ. ಬಟ್ಟೆ ತುರುಕಿದರೆ ಕಡಿದು ಹಾಕುತ್ತವೆ, ಸ್ಟೀಲ್ ನಾರು ಹಲ್ಲಿಗೆ ಹಿತವಲ್ಲ. ಬ್ಯಾಟರಿ ಬಿಚ್ಚುವ ಮೊದಲೇ ಗಾಳಿ ಒಳಗೇ ಸುತ್ತುವ ಬಟನ್ ಒತ್ತಿರುತ್ತೇನೆ, ಹೊರಗಾಳಿ ಬರುವ ದಾರಿ ಮುಚ್ಚಿಕೊಳ್ಳುತ್ತದೆ. ಬಾನೆಟ್ ಎತ್ತಿಯೇ ಬಿಡುತ್ತೇನೆ, ಬೆಚ್ಚಗೆ ಕತ್ತಲಾಗಿರುವ ಜಾಗವೇ ಅವಕ್ಕೆ ಬೇಕಾದ್ದು. ಗೋಡೆ ಬದಿಗೆ ಎರಡು ಬೋನು.

ಟಾರ್ಪಾಲಿನ ಬದಲು ಈಗ ಹಳೇ ಹತ್ತಿ ಬೆಡ್‌ಶೀಟು. ಪ್ಲಾಸ್ಟಿಕ್ ತೇವವನ್ನು ಹೊರಗೆ ಬಿಡುವುದಿಲ್ಲ, ಅದರ ಕೆಳಗೆ ಕಾರು ಬೆವರುತ್ತದೆ.

ಕೊನೆಗೆ ಒಂದು ರಟ್ಟಿನ ಚೂರಿಗೆ ದೊಡ್ಡದಾಗಿ ಬರೆದು ಸ್ಟೀರಿಂಗಿಗೆ ಕಟ್ಟುತ್ತೇನೆ: "ಸೈಲೆನ್ಸರ್ ನಾರು. ಪೈಪ್ ನಾರು. ಮರದ ತುಂಡು. ಟೈರ್ ಗಾಳಿ." ನಾಲ್ಕು ತಿಂಗಳಲ್ಲಿ ನನಗೆ ಏನೂ ನೆನಪಿರುವುದಿಲ್ಲ.

ಈ ಸಲ ಚಳಿ ಮುಗಿದ ಮೇಲೆ ಅದನ್ನು ಓದಿಕೊಂಡು ಹಿಂದೆ ಹೋಗಿ ಬಗ್ಗಿದೆ. ಸೈಲೆನ್ಸರಿನ ನಾರಿನ ಒಂದು ಎಳೆ ಅರ್ಧ ಇಂಚು ಹೊರಗೆ ಜಗ್ಗಿತ್ತು. ಕೆಳಗೆ ನೆಲದ ಮೇಲೆ ನಾಲ್ಕು ಕಾಳು ಹಿಕ್ಕೆ. ಒಳಗೆ ಹೋಗೋಕೆ ಆಗಿಲ್ಲ, ಪಾಪ. ಬ್ಯಾಟರಿ ಕೂರಿಸಿ ಕೀ ತಿರುಗಿಸಿದೆ, ಎರಡನೇ ಸೆಲ್ಫಿಗೆ ಎಂಜಿನ್ ಎದ್ದಿತು. ಬ್ರೇಕ್ ಡಿಸ್ಕಿನ ಮೇಲೆ ಕೂತ ತೆಳು ತುಕ್ಕು ಗೇಟು ದಾಟುವ ತನಕ ಕರಕರ ಅಂದು, ಆಮೇಲೆ ಸುಮ್ಮನಾಯಿತು.